ಎಲ್‌ಟಿ-38: ಚೆಕ್ ಹಗುರ ಟ್ಯಾಂಕ್

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಯುರೋಪಿನಲ್ಲಿ ರೂಪುಗೊಂಡ ಹಗುರ ಟ್ಯಾಂಕುಗಳ ಪೈಕಿ, ಕೆಟ್ಟು ನಿಲ್ಲದ ಗಟ್ಟಿ ಯಂತ್ರವೆಂಬ ಹೆಸರು ಪಡೆದದ್ದು ಎಲ್‌ಟಿ-38. ಪ್ರಾಗ್ ನಗರದ ಸಿಕೆಡಿ ಕಾರ್ಖಾನೆಯಲ್ಲಿ ಇದರ ವಿನ್ಯಾಸದ ಮುಂದಾಳುವಾಗಿದ್ದವರು ಅಲೆಕ್ಸಿ ಸೂರಿನ್. 1938ರಲ್ಲಿ ಚೆಕೊಸ್ಲೊವಾಕಿಯಾ 150 ಟ್ಯಾಂಕುಗಳನ್ನು ಮಾಡಿಕೊಡಲು ಹೇಳಿತ್ತಾದರೂ, ಅವು ಸೇನೆಯ ಕೈಸೇರುವ ಮೊದಲೇ, 1939ರ ಮಾರ್ಚ್‌ನಲ್ಲಿ, ಜರ್ಮನಿಯು ಪ್ರಾಗ್ ನಗರವನ್ನು ಕಾರ್ಖಾನೆಯ ಸಮೇತ ವಶಪಡಿಸಿಕೊಂಡಿತು. ಹೀಗಾಗಿ ಇದು ಇಂದು ಹೆಚ್ಚು ಪರಿಚಿತವಾಗಿರುವುದು ಪಾಂಜರ್ 38(ಟಿ) ಎಂಬ ಜರ್ಮನ್ ಹೆಸರಿನಿಂದ.

ಈ ಟ್ಯಾಂಕನ್ನು ಗುರುತಿಸುವುದು ಸುಲಭ. ಒಂದೊಂದು ಬದಿಯಲ್ಲೂ ನಾಲ್ಕೇ ದೊಡ್ಡ ಗಾಲಿಗಳು. ಒಂದೊಂದರ ವ್ಯಾಸ 775 ಮಿ.ಮೀ. ಎರಡೆರಡು ಗಾಲಿಗಳಿಗೆ ಒಂದರಂತೆ, ಲಾರಿಗಳಲ್ಲಿರುವಂಥ ಪಟ್ಟೆ ಸ್ಪ್ರಿಂಗಿನ ಕಟ್ಟನ್ನು ಅಳವಡಿಸಲಾಗಿದೆ. ಗಾಲಿ ದೊಡ್ಡದಾದಷ್ಟೂ ಅದೇ ದೂರಕ್ಕೆ ಅದು ಸುತ್ತುವುದು ಕಡಿಮೆ, ಆದ್ದರಿಂದ ಅಂಚಿನ ರಬ್ಬರ್ ಸವೆಯುವುದೂ ನಿಧಾನ. ಇದಕ್ಕೂ ಹಿಂದಿನ ಎಲ್‌ಟಿ-35ರಲ್ಲಿ ಗೇರು ಬದಲಿಸಲು ಒತ್ತಿದ ಗಾಳಿಯ ವ್ಯವಸ್ಥೆಯಿತ್ತು. ಚಾಲಕನಿಗೆ ಅದು ಹಾಯೆನಿಸಿದರೂ ರಷ್ಯಾದ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕೈಕೊಟ್ಟಿತು. ಸೂರಿನ್ ಅಂಥ ಜಾಣತನದ ಗೋಜಿಗೆ ಹೋಗಲಿಲ್ಲ. ಹಿಂಬದಿಯಲ್ಲಿ 125 ಅಶ್ವಶಕ್ತಿಯ, ಆರು ಸಿಲಿಂಡರಿನ ಪ್ರಾಗಾ ಪೆಟ್ರೋಲ್ ಎಂಜಿನ್. ಮುಂಬದಿಯಲ್ಲಿ ಐದು ಗೇರುಗಳ ಪೆಟ್ಟಿಗೆ. ಸುಮಾರು ಒಂಬತ್ತೂವರೆ ಟನ್ ತೂಕದ ಈ ವಾಹನ ಗಂಟೆಗೆ 42 ಕಿ.ಮೀ. ವೇಗದಲ್ಲಿ ಓಡುತ್ತಿತ್ತು.

ಕಾದಾಟದ ಅನುಕೂಲಗಳಲ್ಲಿ ಮಾತ್ರ ಕೊರತೆಯಿತ್ತು. ಮೂಲ ವಿನ್ಯಾಸದಂತೆ ಸಿಬ್ಬಂದಿ ಮೂವರೇ ಆಗಿದ್ದರಿಂದ, ಗೋಪುರದಲ್ಲಿ ಒಬ್ಬನೇ ಕೂರುವ ಕಮಾಂಡರ್ 37 ಮಿ.ಮೀ. ಸ್ಕೋಡಾ ತೋಪಿಗೆ ಗುಂಡು ತುಂಬಿ, ಗುರಿಯಿಟ್ಟು ಹಾರಿಸಿ, ಆ ನಡುವೆಯೇ ಚಾಲಕನಿಗೆ ಆಜ್ಞೆಯನ್ನೂ ಕೊಡಬೇಕಿತ್ತು. ಜರ್ಮನ್ನರು ಸ್ವಲ್ಪ ಮದ್ದುಗುಂಡು ಕಡಿಮೆ ಮಾಡಿ, ಗುಂಡು ತುಂಬಲೆಂದೇ ನಾಲ್ಕನೆಯವನನ್ನು ಕೂರಿಸಿದ್ದು ವಿವೇಕದ ಕೆಲಸವೇ. ಆದರೆ ತಗಡುಗಳನ್ನು ಜೋಡಿಸಿದ್ದ ರಿವೆಟ್‌ಗಳಿಗೆ ಅವರಲ್ಲೂ ಪರಿಹಾರವಿರಲಿಲ್ಲ. ಶತ್ರುವಿನ ಗುಂಡು ಕವಚವನ್ನು ಭೇದಿಸದೆ ಹೊರಗೇ ಬಡಿದರೂ ರಿವೆಟ್ ಕಿತ್ತು ಒಳಕ್ಕೆ ಸಿಡಿದು ಸಿಬ್ಬಂದಿಯನ್ನು ಗಾಯಗೊಳಿಸುವ ಸಂಭವವಿತ್ತು. ಆರಂಭದಲ್ಲಿ ಕವಚವೂ ಹೆಚ್ಚೆಂದರೆ 25 ಮಿ.ಮೀ. ದಪ್ಪವಿತ್ತಷ್ಟೆ.

1940ರಲ್ಲಿ ಜರ್ಮನ್ ಸೇನಾನಿ ರೊಮೆಲ್‌ನ ಏಳನೆಯ ಪಾಂಜರ್ (ಟ್ಯಾಂಕ್) ಡಿವಿಜನ್ ಇದೇ ಟ್ಯಾಂಕುಗಳೊಂದಿಗೆ ಫ್ರಾನ್ಸಿನೊಳಕ್ಕೆ ನುಗ್ಗಿತು. ಮರುವರ್ಷ ಸೋವಿಯತ್ ಟಿ-34 ಟ್ಯಾಂಕು ಎದುರಾದಾಗ 37 ಮಿ.ಮೀ. ತೋಪು ನಿಷ್ಪ್ರಯೋಜಕವಾಯಿತು. ಆದರೂ ಈ ಗಾಡಿಯ ಚಾಸಿಯನ್ನು (ಗಾಲಿ, ಎಂಜಿನ್‌ಗಳಿರುವ ತಳಭಾಗವನ್ನು) ಯಾರೂ ಮೂಲೆಗೆಸೆಯಲಿಲ್ಲ: ಅದರ ಮೇಲೆ ದೊಡ್ಡ ತೋಪು ಕೂರಿಸಿ ಮಾರ್ಡರ್-3 ಎಂಬ ಟ್ಯಾಂಕ್ ನಾಶಕ ವಾಹನ ಮಾಡಿದರು, ಅದನ್ನೇ ಅಗಲಿಸಿ ಹೆಟ್ಜರ್ ಎಂಬ ಇನ್ನೊಂದು ಟ್ಯಾಂಕ್ ನಾಶಕ ಕಟ್ಟಿದರು. ಯುದ್ಧಾನಂತರ ಸ್ವಿಟ್ಜರ್ಲೆಂಡ್ ಸಹ ಹೆಟ್ಜರನ್ನು ಕೊಂಡು, ಜಿ-13 ಎಂಬ ಹೆಸರಿನಲ್ಲಿ ಬಹುಕಾಲ ಬಳಸಿತು.