ಕ್ಯಾಲ್ಸಿಯಂ ಇದ್ದದ್ದೆಲ್ಲ ಸುಣ್ಣ ಅಲ್ಲ

‘ನಮ್ಮ ಬೋರ್‌ವೆಲ್ ನೀರಲ್ಲಿ ಸುಣ್ಣ ಜಾಸ್ತಿ.’ ಮನೆಮಾತಿನಲ್ಲಿ ಹೀಗಂದರೆ ಅಡ್ಡಿಯಿಲ್ಲ. ಆದರೆ ವಿಜ್ಞಾನ ಹೇಳಲು ಹೊರಟ ಬರಹಗಳಲ್ಲೂ ಇದೇ ಮಾತು ಮತ್ತೆ ಮತ್ತೆ ಬರುತ್ತಿದೆ. ನೀರಿನಲ್ಲಿ ಸುಣ್ಣ ಇಲ್ಲ.

ಸಂಸ್ಕೃತದ ‘ಚೂರ್ಣ’ ಪ್ರಾಕೃತದಲ್ಲಿ ‘ಚುಣ್ಣ’ವಾಯಿತು, ಕನ್ನಡಕ್ಕೆ ‘ಸುಣ್ಣ’ವಾಗಿ ಬಂತು. ಸುಟ್ಟು ಮಾಡುವ ವಸ್ತುವಾದ್ದರಿಂದ ‘ಸುಡು’ ಎಂಬುದರಿಂದ ಬಂದಿರಬೇಕು ಅಂತ ಹಲವರಿಗೆ ಅನ್ನಿಸುತ್ತದೆ. ಅಲ್ಲ. ಪುಡಿ ಎಂಬುದೇ ಮೂಲ ಅರ್ಥ. ಸುಟ್ಟ ಕಲ್ಲಿಗೆ ನೀರು ಚಿಮುಕಿಸಿ ನೋಡಿದವರಿಗೆ ಆ ಹೆಸರು ಎಷ್ಟು ಸರಿ ಅಂತ ಗೊತ್ತು. ಅದು ಬುಸುಗುಟ್ಟಿ, ಬಿಸಿಯಾಗಿ, ಬಿರಿದು, ತಾನಾಗಿಯೇ ಪುಡಿಯಾಗುತ್ತದೆ.

ಸುಣ್ಣದ ಕಲ್ಲು, ಚಿಪ್ಪು ಎರಡೂ ಕ್ಯಾಲ್ಸಿಯಂ ಕಾರ್ಬನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ 100 ಕೆಜಿ ಶುದ್ಧ ಕಲ್ಲಿನಿಂದ 44 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಉಳಿದ 56 ಕೆಜಿ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್. ನೀರು ಕುಡಿದರೆ ಅದು ಅರಳಿದ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ವೀಳ್ಯದೆಲೆಗೆ ಸವರುವುದು ಇದನ್ನೇ. ಅರಿಶಿನವನ್ನು ಕೆಂಪಾಗಿಸುವ ಕ್ಷಾರಗುಣವೂ ಇದರದ್ದೇ. ಗೋಡೆಗೆ ಬಳಿದಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಮತ್ತೆ ಕಾರ್ಬನೇಟ್ ಆಗುತ್ತದೆ. ‘ಸುಣ್ಣ ಒಣಗಿತು’ ಅಂತೇವೆ. ನಿಜವಾಗಿ ಅದು ಪುನಃ ಕಲ್ಲಾಗಿರುತ್ತದೆ.

ಈಗ ನೀರಿಗೆ ಬರೋಣ. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಕ್ಯಾಲ್ಸಿಯಂ ಇರುವ ಕಲ್ಲನ್ನು ಕರಗಿಸುತ್ತದೆ. ಹಾಗೆ ಕರಗಿದ್ದು ಕ್ಯಾಲ್ಸಿಯಂ ಬೈಕಾರ್ಬನೇಟ್. ನೀರು ಗಡಸಾಗುವುದು ಇದರಿಂದ. ನೀರು ಕಾಯಿಸಿದರೆ ಆ ಅನಿಲ ಹೊರಟುಹೋಗಿ, ಗೀಸರ್ ಕಾಯಿಲ್ ಮೇಲೆ ಕಾರ್ಬನೇಟ್ ಕಟ್ಟುತ್ತದೆ. ಅದು ಸುಡದ ಕಲ್ಲು. ಸುಣ್ಣದ ಖಾರ ಅದಕ್ಕಿಲ್ಲ. ನಿಜವಾದ ಸುಣ್ಣವಂತೂ ಈ ಗಡಸುತನವನ್ನು ತೆಗೆಯುತ್ತದೆ! ಲೆಕ್ಕ ಹಾಕಿ ಅರಳಿದ ಸುಣ್ಣ ಬೆರೆಸಿದರೆ ಅದರ ಕ್ಯಾಲ್ಸಿಯಂ, ಬೈಕಾರ್ಬನೇಟಿನ ಕ್ಯಾಲ್ಸಿಯಂ ಎರಡೂ ಕಾರ್ಬನೇಟ್ ಆಗಿ ತಳಕ್ಕಿಳಿಯುತ್ತವೆ. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಈ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ಪಡೆದ.

ಸೀಮೆಸುಣ್ಣದ ವಿಷಯ ಬೇರೆ. ಈಗಿನ ಚಾಕ್‌ಪೀಸ್ ಹೆಚ್ಚಾಗಿ ಜಿಪ್ಸಮ್, ಕ್ಯಾಲ್ಸಿಯಂ ಸಲ್ಫೇಟ್. ಸುಣ್ಣವೇ ಅಲ್ಲ.

ಸುಣ್ಣಕ್ಕೂ ಕಾರ್ಬನೇಟಿಗೂ ಇರುವ ವ್ಯತ್ಯಾಸ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ ಬೇಕು. ಸುಣ್ಣದ ಚೀಲ ಗಾಳಿಗೆ ತೆರೆದಿದ್ದು ಹಳತಾದರೆ ಒಳಗಿರುವುದು ಬಹುಪಾಲು ಕಾರ್ಬನೇಟ್. ತೂಕ ಸರಿಯಿದ್ದರೂ ಮೈಲುತುತ್ತದ ಆಮ್ಲಗುಣ ಪೂರ್ತಿ ತಣಿಯುವುದಿಲ್ಲ, ಗಿಡ ಸುಡುತ್ತದೆ. ಅದಕ್ಕೇ ಹೊಳೆಯುವ ಕತ್ತಿಯನ್ನೋ ಚಾಕುವನ್ನೋ ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು.