1971ರಲ್ಲೇ ಯಾಕೆ ಇಷ್ಟೊಂದು ಒಳ್ಳೆಯ ಆಲ್ಬಮ್‌ಗಳು?

ಪ್ರಶ್ನೆ: ಪಾಶ್ಚಾತ್ಯ ಸಂಗೀತದ ಬಗ್ಗೆ ಓದುವಾಗ 1971 ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ರಾಕ್, ಸೋಲ್, ಜಾಝ್, ಯಾವುದನ್ನು ತೆಗೆದರೂ ಆ ವರ್ಷದ್ದೊಂದು ದೊಡ್ಡ ಆಲ್ಬಮ್ ಇರುತ್ತದೆ. ಇದು ಸುಮ್ನೆ ಕಾಕತಾಳೀಯವೋ, ಏನಾದರೂ ಕಾರಣ ಇದೆಯೋ?

ಉತ್ತರ: ಅರ್ಧ ಕಾಕತಾಳೀಯ ಅನ್ನಿ. ಇನ್ನರ್ಧಕ್ಕೆ ಕಾರಣ ಇದೆ. ಆಲ್ಬಮ್ ಹೇಗಿರಬೇಕು ಎನ್ನುವ ತೀರ್ಮಾನ ಆ ಹೊತ್ತಿಗೆ ರೆಕಾರ್ಡ್ ಕಂಪನಿಯವರ ಕೈತಪ್ಪಿ ಹಾಡುಗಾರರ ಕೈಗೆ ಬರುತ್ತಿತ್ತು.

ಎಲ್‌ಪಿ ತಟ್ಟೆಗಳು 1948ರಿಂದಲೂ ಇದ್ದವು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಸಂಗೀತ ಹಿಡಿಯುತ್ತಿತ್ತು. ಆದರೆ ಪಾಪ್ ಸಂಗೀತದವರು ಅದನ್ನು ಬಹಳ ವರ್ಷ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಜನಪ್ರಿಯವಾದ ಒಂದೆರಡು ಹಾಡು, ಜಾಗ ತುಂಬಲು ಇನ್ನೊಂದಿಷ್ಟು, ಅಷ್ಟೇ. ಅರವತ್ತರ ದಶಕದಲ್ಲಿ ಬೀಟಲ್ಸ್‌ನಂಥವರು ಈ ಅಭ್ಯಾಸ ಮುರಿದರು. ಆಲ್ಬಮ್‌ನಲ್ಲಿ ದುಡ್ಡಿದೆ ಎಂದು ಕಂಪನಿಗಳಿಗೂ ಗೊತ್ತಾಯಿತು. ಹಾಗಾಗಿ ಸ್ಟುಡಿಯೋದಲ್ಲಿ ಕೂತು ಕೆಲಸ ಮಾಡಲು ಹೆಚ್ಚು ಸಮಯ ಸಿಕ್ಕಿತು. ಅದರ ಜೊತೆಗೇ 16 ಟ್ರ್ಯಾಕ್‌ನ, ಅಂದರೆ ಹದಿನಾರು ದನಿಗಳನ್ನು ಬೇರೆಬೇರೆಯಾಗಿ ಹಿಡಿದಿಡುವ ರೆಕಾರ್ಡಿಂಗ್ ಯಂತ್ರಗಳು ಬಂದವು. ಗಾಯಕರು ತಮ್ಮ ದನಿಯ ಮೇಲೆ ತಮ್ಮದೇ ದನಿಯನ್ನು ಕೂರಿಸುತ್ತಾ ಹೋಗುವುದು ಸುಲಭವಾಯಿತು.

ಇದೆಲ್ಲ ಒಟ್ಟಿಗೆ ಕಾಣುವುದು ಅಮೆರಿಕದ ಸೋಲ್ ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ನಲ್ಲಿ. ಅವರಿದ್ದ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯಲ್ಲಿ ಸಾಮಾನ್ಯವಾಗಿ ಹಾಡು ಬರೆಯುವವರು ಬೇರೆ, ಹಾಡುವವರು ಬೇರೆ, ಪ್ರೊಡ್ಯೂಸರ್ ಬೇರೆ. ಯಾವುದನ್ನು ಬಿಡುಗಡೆ ಮಾಡಬೇಕು ಎನ್ನುವುದಕ್ಕೆ ಮೀಟಿಂಗೇ ನಡೆಯುತ್ತಿತ್ತು. ಗೇ ಅವರ ತಮ್ಮ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದಿದ್ದರು. ಯುದ್ಧ, ಬಡತನ, ಪ್ರತಿಭಟನೆಗಾರರ ಮೇಲೆ ಪೊಲೀಸರ ಹೊಡೆತ, ಹಾಳಾಗುತ್ತಿರುವ ಗಾಳಿ ನೀರು, ಇವನ್ನೇ ಹಾಡುತ್ತೇನೆ ಎಂದು ಗೇ ಹೊರಟರು. ಕಂಪನಿಯ ಯಜಮಾನ ಬೆರ್ರಿ ಗಾರ್ಡಿಗೆ ಇದು ಹಿಡಿಸಲಿಲ್ಲ. ಪ್ರೇಮಗೀತೆ ಹಾಡುವ ಗಾಯಕನಿಗೆ ಈ ಉಸಾಬರಿ ಯಾಕೆ, ಅಲ್ವಾ? ಗೇ ಪಟ್ಟು ಬಿಡಲಿಲ್ಲ. ಜನವರಿಯಲ್ಲಿ ಶೀರ್ಷಿಕೆ ಹಾಡು ಹೊರಬಂದು ಭರ್ಜರಿಯಾಗಿ ಮಾರಾಟವಾಯಿತು. ಆಮೇಲೆ ಅದೇ ಗಾರ್ಡಿ, ಪೂರ್ತಿ ಆಲ್ಬಮ್ ಬೇಗ ಕೊಡು ಎಂದರು! ಮೇ ತಿಂಗಳಲ್ಲಿ ಬಂದ ಆಲ್ಬಮ್ ಸುಮಾರು 35 ನಿಮಿಷದ್ದು. ಒಂದು ಹಾಡು ಇನ್ನೊಂದರೊಳಗೆ ಹರಿಯುತ್ತದೆ. ವರ್ಷಗಟ್ಟಲೆ ತೆರೆಮರೆಯಲ್ಲಿ ನುಡಿಸಿದ್ದ ವಾದಕರ ಹೆಸರುಗಳೂ ಅದರ ಹೊದಿಕೆಯ ಮೇಲೆ ಅಚ್ಚಾದವು. ಅದೇ ತಿಂಗಳು 21 ತುಂಬಿದ, ಮೋಟೌನ್‌ನ ಇನ್ನೊಬ್ಬ ಗಾಯಕ ಸ್ಟೀವಿ ವಂಡರ್ ಕೂಡ ಹಳೆಯ ಒಪ್ಪಂದ ಬಿಟ್ಟು, ತಮ್ಮ ಸಂಗೀತದ ಮೇಲೆ ಪೂರ್ತಿ ಹಿಡಿತ ಬೇಕೆಂದು ಕೇಳಿ ಪಡೆದರು.

ಹಾಲಿವುಡ್‌ನ ಎ ಆ್ಯಂಡ್ ಎಂ ಸ್ಟುಡಿಯೋದಲ್ಲಿ ನಡೆದದ್ದೂ ಇದೇ ಕಥೆಯ ಮೆಲುದನಿಯ ರೂಪ. ಕ್ಯಾರೊಲ್ ಕಿಂಗ್ ಅರವತ್ತರ ದಶಕವಿಡೀ ಬೇರೆಯವರಿಗೆ ಹಾಡು ಬರೆದವರು. ‘ಟ್ಯಾಪೆಸ್ಟ್ರಿ’ಯಲ್ಲಿ ತಾವೇ ಪಿಯಾನೋ ಮುಂದೆ ಕೂತು ಹಾಡಿದರು. ಅದು ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ 15 ವಾರ ಮೊದಲ ಸ್ಥಾನದಲ್ಲಿತ್ತು. ಅದೇ ಸ್ಟುಡಿಯೋ ಕಟ್ಟಡದಲ್ಲಿ ಗಾಯಕಿ ಜೋನಿ ಮಿಚೆಲ್ ‘ಬ್ಲೂ’ ರೆಕಾರ್ಡ್ ಮಾಡಿದರು. ಗಾಯಕ ಜೇಮ್ಸ್ ಟೇಲರ್ ಎರಡರಲ್ಲೂ ಗಿಟಾರ್ ನುಡಿಸಿದ್ದಾರೆ. ನನಗೆ ‘ಬ್ಲೂ’ ಒಂದು ತೂಕ ಹೆಚ್ಚು. ಅಷ್ಟು ಬಿಚ್ಚುಮನಸ್ಸಿನ ಹಾಡುಗಾರಿಕೆ ಅಪರೂಪ.

ರಾಕ್‌ನವರು ಇನ್ನೂ ಮುಂದೆ ಹೋದರು. ಲೆಡ್ ಜೆಪೆಲಿನ್ ತಂಡ ತನ್ನ ನಾಲ್ಕನೇ ಆಲ್ಬಮ್‌ನ ಹೊದಿಕೆಯ ಮೇಲೆ ತನ್ನ ಹೆಸರನ್ನೇ ಹಾಕಲಿಲ್ಲ. ಅದರ ಬಹುಪಾಲು ರೆಕಾರ್ಡ್ ಆಗಿದ್ದು ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ. ಕೊನೆಯ ಹಾಡಿಗೆ ತಂಡದ ಡ್ರಮ್ಮರ್ ಜಾನ್ ಬಾನಮ್ ಅವರ ಡ್ರಮ್‌ಗಳನ್ನು ಮೆಟ್ಟಿಲ ಬುಡದಲ್ಲಿಟ್ಟು, ಮೈಕುಗಳನ್ನು ಮೇಲಿನಿಂದ ಇಳಿಬಿಟ್ಟರು. ಆ ಮನೆಯ ಮೊಳಗೇ ಹಾಡಿಗೆ ಸೇರಿಕೊಂಡಿತು. ಮುಂದೆ ಹಿಪ್‌ಹಾಪ್‌ನವರು ಆ ಡ್ರಮ್ಮಿನ ಪೆಟ್ಟನ್ನು ತಮ್ಮ ಹಾಡುಗಳಿಗೆ ಎತ್ತಿ ಬಳಸಿದರು. ರೋಲಿಂಗ್ ಸ್ಟೋನ್ಸ್‌ನವರು ‘ಸ್ಟಿಕಿ ಫಿಂಗರ್ಸ್’ನ ಹೊದಿಕೆಗೆ ನಿಜವಾದ ಜಿಪ್ಪನ್ನೇ ಹಾಕಿಸಿದರು. ಅದು ಒಳಗಿನ ತಟ್ಟೆಯನ್ನು ಒತ್ತಿ ಹಾಳು ಮಾಡುತ್ತಿತ್ತು ಅನ್ನುವುದು ಬೇರೆ ಮಾತು.

ಜಾಝ್‌ನಲ್ಲಿ ಆಲಿಸ್ ಕೋಲ್ಟ್ರೇನ್ ಅವರ ‘ಜರ್ನಿ ಇನ್ ಸಚ್ಚಿದಾನಂದ’ ಇದೆ. ತಂಬೂರಿಯ ಶ್ರುತಿಯ ಮೇಲೆ ಹಾರ್ಪ್ ತೇಲುತ್ತದೆ. ಆಗಸ್ಟ್ 1ರಂದು ನ್ಯೂಯಾರ್ಕ್‌ನಲ್ಲಿ ರವಿಶಂಕರ್ ಮತ್ತು ಬೀಟಲ್ಸ್‌ನಲ್ಲಿದ್ದ ಜಾರ್ಜ್ ಹ್ಯಾರಿಸನ್ ನಡೆಸಿದ ಬಾಂಗ್ಲಾದೇಶ ಕಛೇರಿಯೂ ಆ ವರ್ಷದ ಕೊನೆಗೆ ಮೂರು ತಟ್ಟೆಗಳ ಆಲ್ಬಮ್ ಆಗಿ ಬಂತು. ರವಿಶಂಕರ್ ತಂಡ ಶ್ರುತಿ ಮಾಡಿಕೊಳ್ಳುವುದನ್ನೇ ಸಂಗೀತವೆಂದುಕೊಂಡು ಜನ ಚಪ್ಪಾಳೆ ತಟ್ಟಿದ್ದು ಅಲ್ಲೇ!

ಹಾಗಂತ ಇದೇ ಸಾರ್ವಕಾಲಿಕ ಶ್ರೇಷ್ಠ ವರ್ಷ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಜಾಝ್ ಪ್ರಿಯರನ್ನು ಕೇಳಿದರೆ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಬಂದ 1959 ಎನ್ನುತ್ತಾರೆ. ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಗಳಲ್ಲೂ ಅಮೆರಿಕ, ಇಂಗ್ಲೆಂಡಿನದೇ ಕಾರುಬಾರು. ಅದೇ 1971ರಲ್ಲಿ ಬ್ರೆಜಿಲ್‌ನ ಸೇನಾ ಆಡಳಿತದ ನಡುವೆ ಗಾಯಕ ಶೀಕೊ ಬುವಾರ್ಕಿ ತಂದ ‘ಕೊನ್‌ಸ್ತ್ರುಸಾಂವ್’ ಅವುಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ.

ಕೇಳಲು ಶುರು ಮಾಡುವುದಾದರೆ ಮಾರ್ವಿನ್ ಗೇ ಅವರಿಂದ ಮಾಡಿ. ಆ್ಯಪ್‌ನಲ್ಲಿ ಕೇಳುವವರು ಶಫಲ್ ಆಫ್ ಮಾಡಿಕೊಳ್ಳಿ. ಹಾಡುಗಳ ಕ್ರಮ ತಪ್ಪಿದರೆ ಆ ಆಲ್ಬಮ್‌ನ ಮಜಾ ಅರ್ಧಕ್ಕರ್ಧ ಹೋಗುತ್ತದೆ.