ಸೇನಾಧಿಕಾರಿಯನ್ನು ಮದುವೆಯಾದರೆ ಬ್ಯಾಂಕಿನ ಕೆಲಸ ಬಿಡಬೇಕೇ?

ಪ್ರಶ್ನೆ: ನಾನು ಸರ್ಕಾರಿ ಬ್ಯಾಂಕೊಂದರಲ್ಲಿ ಅಧಿಕಾರಿ. ಭಾರತೀಯ ಸೇನೆಯ ಕ್ಯಾಪ್ಟನ್ ಒಬ್ಬರೊಂದಿಗೆ ಮದುವೆ ನಿಶ್ಚಯವಾಗಿದೆ. ಎರಡು ಮೂರು ವರ್ಷಕ್ಕೊಮ್ಮೆ ಅವರಿಗೆ ವರ್ಗವಾಗುವುದರಿಂದ ಕೆಲಸ ಬಿಡುವುದೇ ಒಳ್ಳೆಯದೆಂದು ಮನೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಈಗಲೇ ರಾಜೀನಾಮೆ ಕೊಡಬೇಡಿ. ಕೆಲಸ ಬಿಟ್ಟರೆ ಸದಾ ಜೊತೆಗಿರಬಹುದೆಂಬ ಎಣಿಕೆಯೇ ಇಂಥ ಸಲಹೆಯ ಹಿಂದಿರುತ್ತದೆ, ಆದರೆ ಸೇನೆಯ ಬದುಕು ಹಾಗೆ ನಡೆಯುವುದಿಲ್ಲ. ಬೆಳಗಾವಿ, ಬೆಂಗಳೂರು, ಪುಣೆಯಂಥ 'ಪೀಸ್' ಠಾಣೆಗಳಲ್ಲಿ ಕುಟುಂಬ ಒಟ್ಟಿಗೆ ಇರಬಹುದು. ನಿಯಂತ್ರಣ ರೇಖೆಯ ಬಳಿಗೋ ಸಿಯಾಚಿನ್‌ಗೋ 'ಫೀಲ್ಡ್' ಪೋಸ್ಟಿಂಗ್ ಬಂದಾಗ ನೌಕರಿಯಲ್ಲಿರುವ ಪತ್ನಿಯೂ ನೌಕರಿ ಬಿಟ್ಟ ಪತ್ನಿಯೂ ಒಂದೇ ರೀತಿ ಹಿಂದೆ ಉಳಿಯುತ್ತಾರೆ. ಆ ಅವಧಿಯನ್ನೇ ನಿಮ್ಮ ವೃತ್ತಿಗೆ ಮೀಸಲಿಡಬಹುದು. ಬಡ್ತಿಯ ಪರೀಕ್ಷೆ, ಅನೇಕ ಬ್ಯಾಂಕುಗಳು ಬಡ್ತಿಗಾಗಿ ಕೇಳುವ ಗ್ರಾಮೀಣ ಶಾಖೆಯ ಸೇವೆ ಇವೆಲ್ಲವನ್ನೂ ಪತಿ ಗಡಿಯಲ್ಲಿರುವಾಗಲೇ ಮುಗಿಸಿಕೊಂಡರೆ, ಮುಂದಿನ ಪೀಸ್ ಠಾಣೆಗೆ ವರ್ಗ ಕೇಳುವಾಗ ಹೊರೆ ಹಗುರವಾಗಿರುತ್ತದೆ.

ಮದುವೆಯಾದ ಮಹಿಳಾ ನೌಕರರು ಕೋರಿದರೆ ಪತಿಯ ಊರಿನಲ್ಲಿ ಅಥವಾ ಆದಷ್ಟು ಹತ್ತಿರದಲ್ಲಿ ನಿಯೋಜಿಸಬೇಕೆಂದು ಕೇಂದ್ರದ ಹಣಕಾಸು ಸೇವೆಗಳ ಇಲಾಖೆ 2014ರಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ತಿಳಿಸಿದೆ. ಕೇಂದ್ರ ಸರ್ಕಾರಿ ನೌಕರರಾದ ದಂಪತಿಗಳಿಗೂ 2009ರ ಸುತ್ತೋಲೆಯೊಂದು ಇಂಥದೇ ಅವಕಾಶ ಕೊಡುತ್ತದೆ. 'ಆದಷ್ಟು' ಎಂಬ ಮಾತನ್ನು ಮಾತ್ರ ಮರೆಯಬಾರದು: ಖಾಲಿ ಹುದ್ದೆಯಿಲ್ಲದಿದ್ದರೆ ಕಾಯಬೇಕಾಗುತ್ತದೆ. ಆದ್ದರಿಂದ ಪತಿಗೆ ವರ್ಗಾವಣೆಯ ಆದೇಶ ಬಂದ ವಾರದಲ್ಲೇ, ಅವರ ಘಟಕದ ದೃಢೀಕರಣ ಪತ್ರದೊಂದಿಗೆ ಅರ್ಜಿ ಸಲ್ಲಿಸಿ. ನೀವು ಅಧಿಕಾರಿಯಾಗಿರುವುದು ಇಲ್ಲಿ ಅನುಕೂಲ. ಗುಮಾಸ್ತರ ನೇಮಕಾತಿ ರಾಜ್ಯವಾರು ನಡೆಯುವುದರಿಂದ ಅವರಿಗೆ ರಾಜ್ಯದಾಚೆಗಿನ ವರ್ಗ ಕಠಿಣ. ರಾಜ್ಯ ಸರ್ಕಾರದ ಶಾಲಾ ಶಿಕ್ಷಕಿಯರಿಗಂತೂ ಇನ್ನೂ ಕಠಿಣ.

ವರ್ಗ ಸಿಗುವುದು ತಡವಾದರೆ, ರಾಜೀನಾಮೆಯ ಯೋಚನೆಗೆ ಮುನ್ನ ವೇತನರಹಿತ ದೀರ್ಘ ರಜೆಯ ನಿಯಮಗಳನ್ನು ಬ್ಯಾಂಕಿನಲ್ಲಿ ವಿಚಾರಿಸಿ. ರಾಜೀನಾಮೆಯಿಂದ ಹೋದ ಸೇವಾ ಹಿರಿತನ ಮರಳಿ ಬರುವುದಿಲ್ಲ, ರಜೆಯಿಂದ ಕೆಲಸಕ್ಕೆ ಮರಳಬಹುದು.

ಹೊಂದಿಸಿಕೊಳ್ಳುವ ಭಾರವೆಲ್ಲ ನಿಮ್ಮೊಬ್ಬರ ಮೇಲೆಯೇ ಬೀಳುವುದು ನ್ಯಾಯವಲ್ಲ. ಠಾಣೆಗಳ ಬಗ್ಗೆ ಸೇನೆ ಅಧಿಕಾರಿಯ ಇಚ್ಛೆ ಕೇಳುವಾಗ, ನಿಮ್ಮ ಬ್ಯಾಂಕಿನ ಶಾಖೆಗಳಿರುವ ಊರುಗಳನ್ನೇ ಮೊದಲು ಬರೆಯಲು ಅವರು ಸಿದ್ಧರಿದ್ದಾರೆಯೇ ಎಂಬುದನ್ನು ಮದುವೆಗೆ ಮುನ್ನವೇ ಇಬ್ಬರೂ ಕುಳಿತು ಮಾತನಾಡಿಕೊಳ್ಳಿ.